ಹಳೆಯ ಹಾಲಿವುಡ್ ಹಾಸ್ಯ ಚಿತ್ರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟೂ ತಿದ್ದದೆ ಇಟ್ಟಿದ್ದೇವೆ. ‘ಹಳೆಯ’ ಎಂದರೆ ಇಲ್ಲಿ 1920ರಿಂದ 1960ರ ದಶಕದವರೆಗಿನವು. ಸುಲಭದ ಪ್ರಶ್ನೆಗಳು ಮೊದಲು, ಆಳದವು ಆಮೇಲೆ.

## ಮೊದಲ ಸಲ ನೋಡುವವರಿಗೆ

ಕಪ್ಪು-ಬಿಳುಪು ಅಂದ್ರೆ ಮನೇಲಿ ಎಲ್ಲರೂ ಎದ್ದು ಹೋಗ್ತಾರೆ. ಒಂದೇ ಒಂದು ಸಿನಿಮಾ ತೋರಿಸಬೇಕು ಅಂದ್ರೆ ಯಾವುದು?

ಬಸ್ಟರ್ ಕೀಟನ್‌ನ ‘ಶರ್ಲಾಕ್ ಜೂನಿಯರ್’. 1924ರದ್ದು, ಬರೀ 45 ನಿಮಿಷ. ಥಿಯೇಟರಿನಲ್ಲಿ ಪ್ರೊಜೆಕ್ಟರ್ ಓಡಿಸುವ ಹುಡುಗ ಕೆಲಸದ ನಡುವೆ ನಿದ್ದೆಹೋಗಿ, ಕನಸಿನಲ್ಲಿ ಪರದೆಯ ಒಳಕ್ಕೇ ನಡೆದುಬಿಡುತ್ತಾನೆ. ಅವನು ಒಳಗೆ ಕಾಲಿಟ್ಟದ್ದೇ ತಡ, ಸುತ್ತಲಿನ ಜಾಗ ಬದಲಾಗತೊಡಗುತ್ತದೆ. ಬೆಂಚಿನ ಮೇಲೆ ಕೂರಲು ಹೋದರೆ ಬೆಂಚೇ ಇಲ್ಲ, ವಾಹನ ಓಡಾಡುವ ಬೀದಿಯಲ್ಲಿ ಬಿದ್ದಿರುತ್ತಾನೆ. ಬಂಡೆಯ ಮೇಲಿಂದ ಸಮುದ್ರಕ್ಕೆ ಧುಮುಕಿದರೆ ಹಿಮದ ರಾಶಿಯಲ್ಲಿ ತಲೆ ಹುಗಿದುಕೊಳ್ಳುತ್ತದೆ. ಕಂಪ್ಯೂಟರ್ ಇಲ್ಲದ ಕಾಲ. ಪ್ರತಿ ಜಾಗದಲ್ಲೂ ಕ್ಯಾಮೆರಾಗೂ ಕೀಟನ್‌ಗೂ ನಡುವಿನ ದೂರವನ್ನು ಭೂಮಾಪನದ ಉಪಕರಣದಿಂದ ಅಳೆದು, ಅದೇ ಭಂಗಿಯಲ್ಲಿ ಅವನನ್ನು ನಿಲ್ಲಿಸಿ ಚಿತ್ರಿಸಿದ್ದಾರೆ. ಮೊದಲ ಕಾಲು ಗಂಟೆ ಕಥೆ ನಿಧಾನ ಅನ್ನಿಸೀತು, ಅಷ್ಟರಲ್ಲಿ ಯಾರೂ ಏಳದಂತೆ ನೋಡಿಕೊಂಡರೆ ಸಾಕು.

ಇವೆಲ್ಲ ನೂರು ವರ್ಷದ ಹಿಂದಿನವು. ಈಗಲೂ ನಿಜವಾಗಿ ನಗು ಬರುತ್ತಾ, ಇಲ್ಲ ಮರ್ಯಾದೆಗೆ ಹೊಗಳ್ತೀರಾ?

ಎಲ್ಲದಕ್ಕೂ ಬರುವುದಿಲ್ಲ. ಬೀಳುವುದು, ಜಾರುವುದು, ಓಡುವುದು, ಸುಳ್ಳು ಹೇಳಿ ಸಿಕ್ಕಿಬೀಳುವುದು, ಇವು ಮುಪ್ಪಾಗಿಲ್ಲ. ಆ ಕಾಲದ ರೇಡಿಯೊ ತಾರೆಯರನ್ನೋ ರಾಜಕಾರಣಿಗಳನ್ನೋ ಚುಚ್ಚುವ ಮಾತುಗಳು ಸತ್ತುಹೋಗಿವೆ, ಅವನ್ನು ಅಡಿಟಿಪ್ಪಣಿ ಹಾಕಿ ಬದುಕಿಸಲಾಗದು. ಆದರೆ ‘ನಗು ಬರಲಿಲ್ಲ’ ಎಂದು ದೂರುವವರಲ್ಲಿ ಹೆಚ್ಚಿನವರು ನೋಡಿರುವುದು ಮಸುಕು ಪ್ರಿಂಟನ್ನು, ತಪ್ಪು ವೇಗದಲ್ಲಿ, ಯಾರೋ ಹಚ್ಚಿದ ಸಂಗೀತದ ಜೊತೆ, ಒಬ್ಬರೇ ಕೂತು. ಚಿತ್ರದ ವಯಸ್ಸನ್ನು ದೂರುವ ಮೊದಲು ಈ ನಾಲ್ಕನ್ನು ಸರಿಪಡಿಸಿಕೊಂಡು ನೋಡಿ. ಈ ಪುಟದ ಅರ್ಧ ಭಾಗ ಅದರ ಬಗ್ಗೆಯೇ.

ಯಾವ ಕ್ರಮದಲ್ಲಿ ನೋಡಿದ್ರೆ ಒಳ್ಳೇದು?

ಬಿಡುಗಡೆಯಾದ ಇಸವಿಯ ಕ್ರಮದಲ್ಲಿ ಬೇಡ, ಅದು ಪರೀಕ್ಷೆಗೆ ಓದಿದಂತಾಗುತ್ತದೆ. ‘ಶರ್ಲಾಕ್ ಜೂನಿಯರ್’ ಆದಮೇಲೆ ಚಾಪ್ಲಿನ್‌ನ ‘ಮಾಡರ್ನ್ ಟೈಮ್ಸ್’ (1936). ಅಲ್ಲಿಂದ ಒಮ್ಮೆಗೇ ಮುಂದೆ ಜಿಗಿದು ‘ಸಮ್ ಲೈಕ್ ಇಟ್ ಹಾಟ್’ (1959). ಕೊಲೆ ಕಣ್ಣಾರೆ ಕಂಡ ಇಬ್ಬರು ವಾದ್ಯಗಾರರು ಹೆಣ್ಣುವೇಷ ಹಾಕಿ ಮಹಿಳೆಯರ ಬ್ಯಾಂಡ್ ಸೇರುವ ಈ ಕಥೆಯ ಓಟ ಇಂದಿನ ಪ್ರೇಕ್ಷಕರಿಗೂ ಒಗ್ಗುತ್ತದೆ. ಆಮೇಲೆ ಹಿಂದಕ್ಕೆ ಬಂದು ‘ಇಟ್ ಹ್ಯಾಪನ್ಡ್ ಒನ್ ನೈಟ್’ (1934), ‘ದಿ ಶಾಪ್ ಅರೌಂಡ್ ದ ಕಾರ್ನರ್’ (1940), ‘ದಿ ಲೇಡಿ ಈವ್’ (1941). ಈ ಹೊತ್ತಿಗೆ ಕಿವಿ ಪಳಗಿರುತ್ತದೆ, ‘ಹಿಸ್ ಗರ್ಲ್ ಫ್ರೈಡೇ’ಯ (1940) ಮಾತಿನ ಮಳೆಗೆ ಇಳಿಯಬಹುದು. ಮಾರ್ಕ್ಸ್ ಸಹೋದರರನ್ನು ಕೊನೆಗೆ ಇಟ್ಟುಕೊಳ್ಳಿ. ಅವರಿಂದ ಶುರುಮಾಡಿ ಅಲ್ಲೇ ನಿಲ್ಲಿಸಿದವರು ಬಹಳ.

ನಂಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ. ಕನ್ನಡ ಸಬ್‌ಟೈಟಲ್ ಸಿಗುತ್ತಾ?

ಸಿಗುವುದು ತೀರಾ ಅಪರೂಪ. ಯೂಟ್ಯೂಬಿನ ಯಂತ್ರಾನುವಾದದ ಕನ್ನಡ ಹಾಕಿಕೊಂಡರೆ ಜೋಕಷ್ಟೇ ಅಲ್ಲ, ಯಾರು ಯಾರಿಗೆ ಹೇಳಿದರೆಂಬುದೂ ಕಲಸಿಹೋಗುತ್ತದೆ. ಅದರ ಬದಲು ಮೂಕಿ ಚಿತ್ರಗಳಿಂದ ಆರಂಭಿಸಿ. ನಡುನಡುವೆ ಬರುವ ಬರಹದ ಫಲಕಗಳನ್ನು ಮನೆಯ ಒಬ್ಬರು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿದರೆ ಅಜ್ಜ-ಅಜ್ಜಿಗೂ ಕಥೆ ತಪ್ಪುವುದಿಲ್ಲ. ‘ಮಾಡರ್ನ್ ಟೈಮ್ಸ್’ ಕೊನೆಯಲ್ಲಿ ಚಾಪ್ಲಿನ್ ಹಾಡುವ ಹಾಡು ಯಾವ ಭಾಷೆಯೂ ಅಲ್ಲ. ಸಾಲು ಬರೆದುಕೊಂಡ ತೋಳುಪಟ್ಟಿ ಕುಣಿಯುವಾಗ ಹಾರಿಹೋಗಿ, ಬಾಯಿಗೆ ಬಂದದ್ದನ್ನು ಹಾಡುತ್ತಾನೆ. ಅಲ್ಲಿ ಇಂಗ್ಲಿಷ್ ಬಲ್ಲವರಿಗೂ ಬಾರದವರಿಗೂ ಒಂದೇ ಪಾಡು. ಮಾತಿನ ಚಿತ್ರಕ್ಕೆ ಬಂದಾಗ ‘ರೋಮನ್ ಹಾಲಿಡೇ’ (1953) ಮೊದಲು ನೋಡಿ. ಆಡ್ರಿ ಹೆಪ್‌ಬರ್ನ್, ಗ್ರೆಗರಿ ಪೆಕ್ ಇಬ್ಬರೂ ಬಿಡಿಸಿ ಬಿಡಿಸಿ ಮಾತಾಡುತ್ತಾರೆ. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳುವುದಕ್ಕೆ ಸಂಕೋಚ ಬೇಡ.

ಆರು ವರ್ಷದ ಮಗಳ ಜೊತೆ ಯಾವುದು ನೋಡಬಹುದು? ಮುಜುಗರದ ದೃಶ್ಯ ಏನಾದ್ರೂ ಇರುತ್ತಾ?

ಆ ವಯಸ್ಸಿಗೆ ಲಾರೆಲ್-ಹಾರ್ಡಿಯ ‘ದಿ ಮ್ಯೂಸಿಕ್ ಬಾಕ್ಸ್’ (1932), 29 ನಿಮಿಷ. ಒಂದು ಪಿಯಾನೊವನ್ನು ಉದ್ದನೆಯ ಮೆಟ್ಟಿಲ ಮೇಲೆ ಸಾಗಿಸಬೇಕು, ಕಥೆ ಅಷ್ಟೇ. ಆಮೇಲೆ ಚಾಪ್ಲಿನ್‌ನ ‘ದಿ ಸರ್ಕಸ್’ (1928): ಸಿಂಹದ ಬೋನಿನಲ್ಲಿ ಸಿಕ್ಕಿಕೊಳ್ಳುವುದು, ಹಗ್ಗದ ಮೇಲೆ ನಡೆಯುವಾಗ ಕೋತಿಗಳು ಮೈಮೇಲೆ ಹತ್ತುವುದು. ಎಂಟು-ಹತ್ತು ವರ್ಷಕ್ಕೆ ಕೀಟನ್ ಮತ್ತು ಹೆರಾಲ್ಡ್ ಲಾಯ್ಡ್.

ಚುಂಬನಕ್ಕಿಂತ ಹೆಚ್ಚಿನ ಮುಜುಗರ ಇರುವುದಿಲ್ಲ, ಆದರೆ ಬೇರೆ ಕೆಲವು ಗೊತ್ತಿರಲಿ. ‘ದಿ ಕಿಡ್’ನಲ್ಲಿ (1921) ಮಗುವನ್ನು ಅನಾಥಾಲಯದವರು ಎಳೆದೊಯ್ಯುವ ದೃಶ್ಯಕ್ಕೆ ಸಣ್ಣ ಮಕ್ಕಳು ಅಳುತ್ತಾರೆ. ‘ಸಿಟಿ ಲೈಟ್ಸ್’ನಲ್ಲಿ (1931) ಕುಡುಕ ಶ್ರೀಮಂತನ ಆತ್ಮಹತ್ಯೆ ಯತ್ನವೇ ತಮಾಷೆಯ ವಸ್ತು. ‘ಮಾಡರ್ನ್ ಟೈಮ್ಸ್’ನ ಜೈಲಿನಲ್ಲಿ ಉಪ್ಪಿನ ಬದಲು ಮಾದಕ ಪುಡಿ ಊಟಕ್ಕೆ ಬೀಳುತ್ತದೆ. ‘ದಿ ಅಪಾರ್ಟ್‌ಮೆಂಟ್’ (1960) ಹಾಸ್ಯ ಚಿತ್ರವೆಂದು ಹೆಸರಾದರೂ ನಡುವೆ ನಿದ್ದೆಮಾತ್ರೆ ನುಂಗುವ ಪ್ರಸಂಗವಿದೆ. ಅದನ್ನು ದೊಡ್ಡವರಿಗೆ ಬಿಡಿ.

## ಮೂಕಿ ಕಾಲ

ಚಾಪ್ಲಿನ್ ತುಣುಕುಗಳನ್ನ ಮೊಬೈಲಲ್ಲಿ ಬೇಕಾದಷ್ಟು ನೋಡಿದೀನಿ. ಪೂರ್ತಿ ಸಿನಿಮಾ ಯಾಕೆ ನೋಡಬೇಕು?

ತುಣುಕಿನಲ್ಲಿ ಬೀಳುವುದು ಕಾಣುತ್ತದೆ, ಅದಕ್ಕೆ ಮುಂಚಿನ ಕಟ್ಟೋಣ ಕಾಣುವುದಿಲ್ಲ. ‘ಸಿಟಿ ಲೈಟ್ಸ್’ನ ಒಂದು ದೃಶ್ಯವನ್ನೇ ತೆಗೆದುಕೊಳ್ಳಿ. ಹೂ ಮಾರುವ ಕುರುಡಿ ಹುಡುಗಿ ಬಡ ಅಲೆಮಾರಿಯನ್ನು ಶ್ರೀಮಂತನೆಂದು ತಿಳಿಯಬೇಕು. ಮಾತಿಲ್ಲದ ಚಿತ್ರದಲ್ಲಿ ಕಣ್ಣಿಲ್ಲದವಳಿಗೆ ಇದು ಹೊಳೆಯುವುದು ಹೇಗೆ? ಬೀದಿ ತುಂಬ ಕಾರುಗಳು ನಿಂತಿವೆ. ಪೊಲೀಸನನ್ನು ತಪ್ಪಿಸಿಕೊಳ್ಳಲು ಅಲೆಮಾರಿ ಒಂದು ದೊಡ್ಡ ಕಾರಿನ ಒಂದು ಬಾಗಿಲಿಂದ ಹೊಕ್ಕು ಇನ್ನೊಂದರಿಂದ ಇಳಿದು ಬಾಗಿಲು ಹಾಕುತ್ತಾನೆ. ಆ ಸದ್ದು ಕೇಳಿ ಅವಳು ಹೂ ಚಾಚುತ್ತಾಳೆ. ಅವನು ಇದ್ದೊಂದು ನಾಣ್ಯ ಕೊಟ್ಟು ಚಿಲ್ಲರೆಗೆ ಕಾಯುವಷ್ಟರಲ್ಲಿ ಕಾರಿನ ನಿಜವಾದ ಯಜಮಾನ ಹತ್ತಿ, ಬಾಗಿಲು ಬಡಿದು, ಹೊರಟುಹೋಗುತ್ತಾನೆ. ಸಾಹೇಬರು ಚಿಲ್ಲರೆ ಬಿಟ್ಟು ಹೋದರೆಂದು ಅವಳೆಣಿಸುತ್ತಾಳೆ. ಅವನು ತುದಿಗಾಲಲ್ಲಿ ಸರಿದು, ಪಕ್ಕದಲ್ಲಿ ಕೂತು ಅವಳನ್ನೇ ನೋಡುತ್ತಾನೆ. ಅವಳು ಪಾತ್ರೆ ತೊಳೆದ ನೀರನ್ನು ಸರಿಯಾಗಿ ಅವನ ಮುಖಕ್ಕೇ ಎರಚುತ್ತಾಳೆ. ಕಿವಿಗೆ ಬೀಳದ ಎರಡು ಬಾಗಿಲ ಸದ್ದಿನ ಮೇಲೆ 87 ನಿಮಿಷದ ಕಥೆ ನಿಂತಿದೆ. ಈ ದೃಶ್ಯಕ್ಕೆ ಚಾಪ್ಲಿನ್ ನೂರಾರು ಟೇಕ್ ತೆಗೆದ. ಕೊನೆಯ ದೃಶ್ಯದ ಬಲವೂ ಇದರಿಂದಲೇ, ಅದನ್ನು ಮಾತ್ರ ಕತ್ತರಿಸಿ ನೋಡಿದವರಿಗೆ ಆ ಬಲ ತಟ್ಟದು.

‘ಗೋಲ್ಡ್ ರಷ್’ ಎರಡು ಥರ ಇದೆಯಂತಲ್ಲ, ಯಾವುದು ಸರಿ?

1925ರ ಮೂಲ ಸುಮಾರು ಒಂದೂವರೆ ಗಂಟೆಯದು. 1942ರಲ್ಲಿ ಚಾಪ್ಲಿನ್ ಬರಹದ ಫಲಕಗಳನ್ನು ತೆಗೆದು, ತನ್ನದೇ ದನಿಯಲ್ಲಿ ನಿರೂಪಣೆ ಸೇರಿಸಿ, 72 ನಿಮಿಷಕ್ಕೆ ಇಳಿಸಿದ. ಮುಕ್ತಾಯದ ಚುಂಬನವೂ ಹೋಯಿತು. ಮೊದಲ ಸಲಕ್ಕೆ 1925ರದ್ದೇ ನೋಡಿ, ಕಣ್ಣಿಗೆ ಕಾಣುವುದನ್ನೇ ದನಿಯೂ ಹೇಳುತ್ತಿದ್ದರೆ ಬೂಟು ತಿನ್ನುವ ದೃಶ್ಯದ ಸೊಗಸು ಅರ್ಧವಾಗುತ್ತದೆ. ಹಸಿವಿನಿಂದ ಬೇಯಿಸಿದ ಆ ಬೂಟಿನ ಮೊಳೆಗಳನ್ನು ಚಾಪ್ಲಿನ್ ಕೋಳಿಯ ಮೂಳೆ ಚೀಪಿದಂತೆ ಚೀಪುತ್ತಾನೆ, ಲಾಡಿಯನ್ನು ಫೋರ್ಕಿಗೆ ಸುತ್ತಿ ನುಂಗುತ್ತಾನೆ. ಬೂಟು ಲಿಕರಿಸ್ ಮಿಠಾಯಿಯದು. ಇನ್ನು ‘ದಿ ಕಿಡ್’ ಕೂಡ ಹೀಗೇ: ಮೂಲ 68 ನಿಮಿಷ, ಚಾಪ್ಲಿನ್ 1971ರಲ್ಲಿ ತಾನೇ ಕತ್ತರಿಸಿದ್ದು 53. ಅಲ್ಲಿ ಮಾತ್ರ ಚಿಕ್ಕದೇ ವಾಸಿ. ಅದರ ಸಂಗೀತವೂ ಅವನದೇ.

ಮೂಕಿ ಚಿತ್ರದಲ್ಲಿ ಜನ ಯಾಕೆ ಹಾಗೆ ದಡಬಡ ಓಡಾಡ್ತಾರೆ?

ಆಗ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ 16, 18, 20, 22 ಚೌಕಟ್ಟು (ಫ್ರೇಮ್), ಒಂದೇ ಲೆಕ್ಕವಿರಲಿಲ್ಲ. ಧ್ವನಿ ಬಂದಮೇಲೆ 24 ಕಡ್ಡಾಯವಾಯಿತು. 18ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಮೂರರಲ್ಲೊಂದು ಪಾಲು ವೇಗ ಹೆಚ್ಚುತ್ತದೆ. ಒಳ್ಳೆಯ ಪುನರುಜ್ಜೀವಿತ ಪ್ರಿಂಟುಗಳಲ್ಲಿ ಇದನ್ನು ಸರಿಪಡಿಸಿರುತ್ತಾರೆ.

ಹಾಗೆಂದು ಎಲ್ಲ ವೇಗವೂ ದೋಷವಲ್ಲ. ಬೆನ್ನಟ್ಟುವ ದೃಶ್ಯಗಳಲ್ಲಿ ಕೀಟನ್, ಲಾಯ್ಡ್ ಬೇಕೆಂದೇ ನಿಧಾನ ತಿರುಗಿಸಿ ಪರದೆಯ ಮೇಲೆ ಓಟ ಹೆಚ್ಚಿಸುತ್ತಿದ್ದರು. ಪರೀಕ್ಷೆ ಸುಲಭ. ಜೋಕಿಲ್ಲದ ದೃಶ್ಯದಲ್ಲಿ ಹಿಂದೆ ನಡೆದುಹೋಗುವ ದಾರಿಹೋಕರನ್ನು ನೋಡಿ. ಅವರೂ ಚುರುಕಾಗಿ ಕುಪ್ಪಳಿಸುತ್ತಿದ್ದರೆ ಪ್ರಿಂಟ್ ತಪ್ಪು, ಬೇರೆಯದು ಹುಡುಕಿ. ಯೂಟ್ಯೂಬಿನಲ್ಲಾದರೆ ವೇಗವನ್ನು 0.75ಕ್ಕೆ ಇಳಿಸಿ, ಸದ್ದು ಮುಚ್ಚಿ ನೋಡಿದರೂ ತಕ್ಕಮಟ್ಟಿಗೆ ನಡೆಯುತ್ತದೆ.

ಕೀಟನ್, ಲಾಯ್ಡ್ ಮಾಡಿದ ಸಾಹಸ ಎಲ್ಲ ನಿಜವಾ, ಟ್ರಿಕ್ಕಾ?

ಎರಡೂ. ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ನಲ್ಲಿ (1928) ಮನೆಯ ಇಡೀ ಮುಂಗೋಡೆ ಕೀಟನ್ ಮೇಲೆ ಮಗುಚಿಕೊಳ್ಳುತ್ತದೆ, ತೆರೆದ ಕಿಟಕಿ ಅವನಿದ್ದಲ್ಲಿಗೇ ಬಂದು ಅವನು ಉಳಿಯುತ್ತಾನೆ. ಗೋಡೆ ನಿಜವಾಗಿ ಭಾರದ್ದು, ಆಚೀಚೆ ಇದ್ದದ್ದು ಕೆಲವೇ ಅಂಗುಲ. ‘ಶರ್ಲಾಕ್ ಜೂನಿಯರ್’ನಲ್ಲಿ ರೈಲಿನ ನೀರಿನ ತೊಟ್ಟಿಯ ಕೊಳವೆಯಿಂದ ಧಾರೆ ಸುರಿದು ಹಳಿಯ ಮೇಲೆ ಬಿದ್ದಾಗ ಅವನ ಕತ್ತಿನ ಮೂಳೆ ಬಿರುಕುಬಿಟ್ಟಿತ್ತು. ಅದು ಗೊತ್ತಾದದ್ದು ವರ್ಷಗಳಾದ ಮೇಲೆ. ‘ದಿ ಜನರಲ್’ನಲ್ಲಿ (1926) ಸುಡುವ ಸೇತುವೆಯಿಂದ ಹೊಳೆಗೆ ಬೀಳುವುದು ಬೊಂಬೆಯಲ್ಲ, ನಿಜವಾದ ಎಂಜಿನ್. ಒರೆಗಾನ್ ರಾಜ್ಯದ ಕಾಟೇಜ್ ಗ್ರೋವ್ ಹತ್ತಿರ ಚಿತ್ರಿಸಿದ್ದು.

ಲಾಯ್ಡ್ ದಾರಿ ಬೇರೆ. ‘ಸೇಫ್ಟಿ ಲಾಸ್ಟ್’ (1923) ಚಿತ್ರದ ಗಡಿಯಾರದ ದೃಶ್ಯಕ್ಕೆ ಲಾಸ್ ಏಂಜಲೀಸ್‌ನ ನಿಜ ಕಟ್ಟಡಗಳ ಚಾವಣಿಯ ಮೇಲೆ ಸುಳ್ಳು ಗೋಡೆ ಕಟ್ಟಿ, ಕೆಳಗಿನ ಬೀದಿ ಚೌಕಟ್ಟಿನಲ್ಲಿ ಬರುವಂತೆ ಕ್ಯಾಮೆರಾ ಇಟ್ಟರು. ಅವನ ಕೆಳಗೆ, ಕ್ಯಾಮೆರಾಗೆ ಕಾಣದಂತೆ, ಹಾಸಿಗೆ ಹಾಸಿದ ಅಟ್ಟಣೆ ಇತ್ತು. ದೂರದ ಶಾಟುಗಳಲ್ಲಿ ಹತ್ತುವವನು ಬಿಲ್ ಸ್ಟ್ರಾದರ್, ಗೋಡೆ ಹತ್ತುವುದೇ ಅವನ ಕಸುಬು. ಇಷ್ಟಾದರೂ ಲಾಯ್ಡ್‌ನದು ಪುಕ್ಕಟೆ ಸಾಹಸವಲ್ಲ. 1919ರಲ್ಲಿ ಕೈಯಲ್ಲಿದ್ದ ಬಾಂಬು ಸಿಡಿದು ಬಲಗೈಯ ಹೆಬ್ಬೆರಳು, ತೋರುಬೆರಳು ಹೋಗಿದ್ದವು. ಕೃತಕ ಬೆರಳಿದ್ದ ಕೈಗವಸು ತೊಟ್ಟು ಆ ಮುಳ್ಳಿಗೆ ನೇತಾಡಿದ್ದು.

## ಮಾತು ಬಂದ ಮೇಲೆ

‘ಸ್ಕ್ರೂಬಾಲ್’ ಅಂತಾರಲ್ಲ, ಹಾಗಂದ್ರೇನು?

1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಚಿಗುರಿದ ಒಂದು ಬಗೆ. ತಲೆಕೆಟ್ಟ ಶ್ರೀಮಂತರು, ಕಾಸಿಲ್ಲದ ಜಾಣರು, ಗಂಡಸಿಗಿಂತ ಒಂದು ಹೆಜ್ಜೆ ಮುಂದಿರುವ ಹೆಣ್ಣು, ಎಲ್ಲರಿಗೂ ಅವಸರ. ನಿರ್ದೇಶಕ ಫ್ರಾಂಕ್ ಕಾಪ್ರಾನ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಇದರ ಹೆಬ್ಬಾಗಿಲು. ಓಡಿಬಂದ ಶ್ರೀಮಂತರ ಮಗಳು, ಕೆಲಸ ಕಳೆದುಕೊಂಡ ಪತ್ರಕರ್ತ, ಮಯಾಮಿಯಿಂದ ನ್ಯೂಯಾರ್ಕ್‌ಗೆ ಬಸ್ ಪ್ರಯಾಣ. ಚಿತ್ರ, ನಿರ್ದೇಶನ, ನಟ, ನಟಿ, ಚಿತ್ರಕಥೆ ಈ ಐದೂ ಆಸ್ಕರ್ ಒಂದೇ ಚಿತ್ರಕ್ಕೆ ಬಂದದ್ದು ಇದೇ ಮೊದಲು. ತೀರಾ ಹುಚ್ಚಾಟ ಬೇಕೆಂದರೆ ‘ಬ್ರಿಂಗಿಂಗ್ ಅಪ್ ಬೇಬಿ’ (1938). ಇದರಲ್ಲಿ ‘ಬೇಬಿ’ ಒಂದು ಸಾಕಿದ ಚಿರತೆ. ಬಿಡುಗಡೆಯಾದಾಗ ನೆಲಕಚ್ಚಿತ್ತು. ಕೆಲವರಿಗೆ ಈಗಲೂ ಉಸಿರುಗಟ್ಟುತ್ತದೆ, ಅಂಥವರು ‘ದಿ ಆಫುಲ್ ಟ್ರೂತ್’ (1937) ನೋಡಲಿ. ಅದೇ ಕ್ಯಾರಿ ಗ್ರಾಂಟ್, ಅರ್ಧದಷ್ಟು ಗದ್ದಲ.

‘ಹಿಸ್ ಗರ್ಲ್ ಫ್ರೈಡೇ’ ಮಾತು ಹಿಡಿಯೋಕೇ ಆಗಲಿಲ್ಲ. ನನ್ನ ಕಿವಿ ಸರಿ ಇಲ್ವಾ?

ಕಿವಿ ಸರಿಯಾಗಿಯೇ ಇದೆ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಹತ್ತಬೇಕೆಂಬುದೇ ನಿರ್ದೇಶಕ ಹೋವರ್ಡ್ ಹಾಕ್ಸ್ ಹಂಚಿಕೆ. ಅದಕ್ಕಾಗಿ ಸಂಭಾಷಣೆಯ ತಲೆಗೂ ಬಾಲಕ್ಕೂ ಕಳೆದುಹೋದರೂ ನಷ್ಟವಿಲ್ಲದ ಪದಗಳನ್ನು ಸೇರಿಸಿ, ಮುಖ್ಯವಾದದ್ದನ್ನು ನಡುವೆ ಇಟ್ಟ. ಆದ್ದರಿಂದ ಪ್ರತಿ ಪದ ಹಿಡಿಯಲು ಹೋಗಬೇಡಿ. ಸಬ್‌ಟೈಟಲ್ ಹಾಕಿಕೊಂಡರೆ ಕಣ್ಣು ಕೆಳಗೇ ಅಂಟಿ ಮುಖಗಳು ತಪ್ಪುತ್ತವೆ. ಒಂದು ಉಪಾಯವೆಂದರೆ ಮೊದಲ ಇಪ್ಪತ್ತು ನಿಮಿಷವನ್ನು, ಅಂದರೆ ಕಚೇರಿ ಮತ್ತು ಹೋಟೆಲ್ ಊಟದ ದೃಶ್ಯವನ್ನು, ಸಬ್‌ಟೈಟಲ್ ಜೊತೆ ಒಮ್ಮೆ, ಇಲ್ಲದೆ ಇನ್ನೊಮ್ಮೆ ನೋಡಿ ಮುಂದುವರಿಯುವುದು. ಇಡೀ ಚಿತ್ರ 92 ನಿಮಿಷ, ಮರಣದಂಡನೆಗೆ ಕಾದಿರುವ ಕೈದಿಯ ಕಥೆ ಹಿಂದೆ ಓಡುತ್ತಿರುತ್ತದೆ, ಅದನ್ನು ಮರೆಯಬೇಡಿ. ನಗುವಿನ ಕೆಳಗಿನ ಕಹಿ ಅಲ್ಲಿದೆ.

ಮಾರ್ಕ್ಸ್ ಬ್ರದರ್ಸ್ ನೋಡಿದ್ವಿ. ಕಥಿನೇ ಇಲ್ಲಲ್ರಿ! ನಡುವ ಹಾಡು, ಹಾರ್ಪ್ ಬ್ಯಾರೆ.

ಕಥೆ ಹುಡುಕಿದರೆ ಸಿಗುವುದಿಲ್ಲ, ಅದು ನಿಜ. ‘ಡಕ್ ಸೂಪ್’ (1933) ನೋಡಿ: 70 ನಿಮಿಷದೊಳಗೆ ಮುಗಿಯುತ್ತದೆ, ಹಾರ್ಪ್ ವಾದನ ಇಲ್ಲ, ಪ್ರೇಮಕಥೆ ಇಲ್ಲ, ಎರಡು ಸುಳ್ಳು ದೇಶಗಳ ನಡುವೆ ಕಾರಣವಿಲ್ಲದ ಯುದ್ಧ. ಕನ್ನಡಿ ದೃಶ್ಯಕ್ಕೆ ಇಂಗ್ಲಿಷೂ ಬೇಡ. ಕನ್ನಡಿ ಒಡೆದುಹೋಗಿದೆ, ಸಹೋದರರಲ್ಲಿ ಒಬ್ಬನಾದ ಗ್ರೌಚೊನ ವೇಷದಲ್ಲಿರುವ ಇನ್ನೊಬ್ಬ, ಹಾರ್ಪೊ, ಅವನ ಪ್ರತಿಬಿಂಬವಾಗಿ ನಟಿಸುತ್ತಾನೆ. ಒಂದು ಹಂತದಲ್ಲಿ ಇಬ್ಬರೂ ಕನ್ನಡಿ ಇರಬೇಕಾದ ಗೆರೆ ದಾಟಿ ಜಾಗ ಅದಲುಬದಲು ಮಾಡಿಕೊಳ್ಳುತ್ತಾರೆ, ಆದರೂ ಆಟ ನಿಲ್ಲದು.

‘ಎ ನೈಟ್ ಅಟ್ ದಿ ಆಪೆರಾ’ (1935) ಬೇರೆ ತೆರನಾದದ್ದು, ಅಲ್ಲಿ ಹಾಡು-ಪ್ರೇಮ ಎರಡೂ ಇವೆ. ಅದರ ಹಾಸ್ಯವನ್ನು ಚಿತ್ರೀಕರಣಕ್ಕೆ ಮೊದಲು ಊರೂರಿನ ರಂಗಮಂದಿರಗಳಲ್ಲಿ ಆಡಿ, ಜನ ಎಲ್ಲಿ ಎಷ್ಟು ಹೊತ್ತು ನಗುತ್ತಾರೆಂದು ಅಳೆದು, ಚಿತ್ರದಲ್ಲಿ ಅಷ್ಟು ಬಿಡುವು ಇಟ್ಟರು. ಒಬ್ಬರೇ ಕೂತು ನೋಡಿದಾಗ ಆ ಬಿಡುವುಗಳೇ ಜೋಲು ಅನ್ನಿಸುವುದು. ನಾಲ್ಕಾರು ಜನ ಸೇರಿ ನೋಡಿ.

ಬಿಲ್ಲಿ ವೈಲ್ಡರ್ ಚಿತ್ರಗಳಲ್ಲಿ ‘ಸಮ್ ಲೈಕ್ ಇಟ್ ಹಾಟ್’ ಮೊದಲೋ ‘ದಿ ಅಪಾರ್ಟ್‌ಮೆಂಟ್’ ಮೊದಲೋ?

ಮೊದಲನೆಯದು ಮೊದಲು. ಅದರಲ್ಲೂ ನಗುವಿಗೆ ಜಾಗ ಬಿಡುವ ಕೈಚಳಕವಿದೆ: ಮದುವೆ ಗೊತ್ತಾದ ಸಂಭ್ರಮದಲ್ಲಿ ಜಾಕ್ ಲೆಮನ್ ಪ್ರತಿ ಮಾತಿನ ನಡುವೆ ಮರಾಕಸ್ ಗಿಲಕಿ ಆಡಿಸುತ್ತಾನೆ. ಥಿಯೇಟರಿನ ನಗು ಅಡಗುವವರೆಗೆ ಮುಂದಿನ ಮಾತು ಬಾರದಿರಲೆಂದು ವೈಲ್ಡರ್ ಕೊಟ್ಟ ಕೆಲಸ ಅದು. ಬಣ್ಣದ ಕಾಲದಲ್ಲೂ ಇದು ಕಪ್ಪು-ಬಿಳುಪು ಏಕೆಂದರೆ, ಬಣ್ಣದಲ್ಲಿ ಪರೀಕ್ಷಿಸಿದಾಗ ಗಂಡಸರ ಹೆಣ್ಣುವೇಷದ ಮೇಕಪ್ ಹಸಿರು ಹೊಡೆಯುತ್ತಿತ್ತು. ‘ದಿ ಅಪಾರ್ಟ್‌ಮೆಂಟ್’ ಇನ್ನೂ ದೊಡ್ಡ ಚಿತ್ರ, ಆದರೆ ಮೇಲಧಿಕಾರಿಗಳ ಕಳ್ಳ ಸಂಬಂಧಗಳಿಗೆ ತನ್ನ ಮನೆಯ ಕೀಲಿ ಕೊಡುವ ಗುಮಾಸ್ತನ ಕಥೆಗೆ ನಗುತ್ತ ನಗುತ್ತ ಗಂಟಲು ಕಟ್ಟುತ್ತದೆ. ಅದರ ಕಚೇರಿಯ ಸಾಲು ಮೇಜುಗಳನ್ನು ಗಮನಿಸಿ: ಹಿಂದೆ ಹೋದಂತೆ ಚಿಕ್ಕ ಚಿಕ್ಕ ಮೇಜು ಇಟ್ಟು ಕೊನೆಯಿಲ್ಲದ ಸಭಾಂಗಣದ ಭ್ರಮೆ ತಂದಿದ್ದಾರೆ.

ನಮ್ಮ ಕನ್ನಡ ಚಿತ್ರಗಳಿಗೂ ಇವಕ್ಕೂ ಏನಾದ್ರೂ ನಂಟಿದೆಯಾ?

ಇದೆ, ಬಹುಮಟ್ಟಿಗೆ ಹಿಂದಿಯ ಮೂಲಕ. ‘ಇಟ್ ಹ್ಯಾಪನ್ಡ್ ಒನ್ ನೈಟ್’ ಹಿಂದಿಯಲ್ಲಿ ‘ಚೋರಿ ಚೋರಿ’ (1956), ‘ದಿಲ್ ಹೈ ಕಿ ಮಾನತಾ ನಹೀಂ’ (1991) ಆಯಿತು. ಆ ಎರಡನೆಯದು ಕನ್ನಡದಲ್ಲಿ ಗಣೇಶ್ ನಟಿಸಿದ ‘ಹುಡುಗಾಟ’ (2007). ಮೂಲ ನೋಡುವಾಗ ‘ಇದನ್ನೆಲ್ಲೋ ನೋಡಿದ್ದೇನೆ’ ಅನ್ನಿಸಿದರೆ ಕಾರಣ ಇದು. ‘ಸಮ್ ಲೈಕ್ ಇಟ್ ಹಾಟ್’ ಹಿಂದಿಯಲ್ಲಿ ‘ರಫೂ ಚಕ್ಕರ್’ (1975).

## ಪ್ರಿಂಟ್, ಟಿವಿ, ಡಿಸ್ಕ್

ಯೂಟ್ಯೂಬಲ್ಲಿ ಪುಕ್ಕಟೆ ಸಿಗೋದನ್ನ ನೋಡೋದು ಕಾನೂನಿಗೆ ಸರಿನಾ?

ಅಮೆರಿಕದಲ್ಲಿ ಆ ಕಾಲದ ಚಿತ್ರಗಳ ಹಕ್ಕು 95 ವರ್ಷ. ಆ ಲೆಕ್ಕದಲ್ಲಿ 1920ರ ದಶಕದ ಚಿತ್ರಗಳೆಲ್ಲ ಈಗ ಸಾರ್ವಜನಿಕ ಸ್ವತ್ತು. ಭಾರತದ ಕಾಯಿದೆಯಲ್ಲಿ ಸಿನಿಮಾದ ಹಕ್ಕು ಬಿಡುಗಡೆಯಾದ ಮರುವರ್ಷದಿಂದ 60 ವರ್ಷ. ಇನ್ನು ಕೆಲವು ನಿರ್ಲಕ್ಷ್ಯದಿಂದ ಬೇಗನೇ ಸಾರ್ವಜನಿಕ ಸ್ವತ್ತಾದವು: ‘ಹಿಸ್ ಗರ್ಲ್ ಫ್ರೈಡೇ’, ‘ಮೈ ಮ್ಯಾನ್ ಗಾಡ್‌ಫ್ರೀ’ (1936) ಇವುಗಳ ಹಕ್ಕನ್ನು ನವೀಕರಿಸಲೇ ಇಲ್ಲ. ‘ಚರೇಡ್’ನ (1963) ಪ್ರಿಂಟಿನಲ್ಲಿ ಹಕ್ಕಿನ ಸೂಚನೆ ಹಾಕಲು ಮರೆತರು. ಆದರೆ ಹಳೆಯ ಚಿತ್ರಕ್ಕೆ ಹೊಸದಾಗಿ ರಚಿಸಿದ ಸಂಗೀತದ ಹಕ್ಕು ಬೇರೆ. ಮನೆಯಲ್ಲಿ ನೋಡುವವರಿಗೆ ಇದು ಬಾಧಕವಲ್ಲ. ಶಾಲೆಯಲ್ಲೋ ಸಂಘದಲ್ಲೋ ಸಾರ್ವಜನಿಕವಾಗಿ ತೋರಿಸುವುದಾದರೆ ಯಾವ ಪ್ರಿಂಟ್, ಯಾರ ಸಂಗೀತ ಎಂದು ಮೊದಲೇ ವಿಚಾರಿಸಿ.

ಒಂದೇ ಸಿನಿಮಾ ಹತ್ತು ಕಡೆ ಸಿಗುತ್ತೆ. ಒಳ್ಳೆ ಪ್ರಿಂಟ್ ಗುರುತಿಸೋದು ಹೇಗೆ?

ಸಾರ್ವಜನಿಕ ಸ್ವತ್ತಾದ ಚಿತ್ರಕ್ಕೆ ಯಜಮಾನರಿಲ್ಲ, ಹಾಗಾಗಿ ಯಾರು ಬೇಕಾದರೂ ನಕಲಿನ ನಕಲನ್ನು ಹಾಕುತ್ತಾರೆ. ಮೊದಲು ಅವಧಿ ನೋಡಿ. ‘ಸೇಫ್ಟಿ ಲಾಸ್ಟ್’ 73 ನಿಮಿಷ ಇರಬೇಕು, 60 ಇದ್ದರೆ ಏನೋ ಕತ್ತರಿಸಿದೆ ಇಲ್ಲವೇ ವೇಗ ತಪ್ಪಿದೆ. ಯುರೋಪಿನ ಹಳೆಯ ಡಿವಿಡಿಯಿಂದ ಎತ್ತಿದ್ದಾದರೆ 24ರ ಬದಲು 25 ಚೌಕಟ್ಟಿನಲ್ಲಿ ಓಡುವ ಕಾರಣ 100 ನಿಮಿಷದ್ದು 96 ಆಗಿರುತ್ತದೆ, ದನಿಗಳು ಕೊಂಚ ಕೀರಲು, ಅದನ್ನು ಸಹಿಸಬಹುದು. ಆಮೇಲೆ ಬೆಳಕಿನ ದೃಶ್ಯದಲ್ಲಿ ಬಿಳಿ ಅಂಗಿಯನ್ನು ನೋಡಿ. ಮಡಿಕೆ ಕಾಣದೆ ಬರೀ ಬಿಳಿ ಕಲೆಯಾಗಿದ್ದರೆ ಬಿಟ್ಟುಬಿಡಿ, ಮುಖಭಾವವೂ ಹಾಗೇ ಅಳಿಸಿರುತ್ತದೆ. ಕೊನೆಯದು ಸಂಗೀತ. ದೃಶ್ಯ ಬದಲಾದರೂ ಒಂದೇ ಪಿಯಾನೊ ಕುಟ್ಟುತ್ತಿದ್ದರೆ ಯಾರೋ ಕೈಗೆ ಸಿಕ್ಕಿದ್ದನ್ನು ಹಚ್ಚಿದ್ದಾರೆಂದೇ ಅರ್ಥ. ‘ದಿ ಜನರಲ್’, ‘ಸೇಫ್ಟಿ ಲಾಸ್ಟ್’ ಎರಡಕ್ಕೂ ಕಾರ್ಲ್ ಡೇವಿಸ್ ಸಂಗೀತವಿರುವ ಪ್ರಿಂಟ್ ಸಿಕ್ಕರೆ ಬಿಡಬೇಡಿ.

ಟಿವಿಯಲ್ಲಿ ಎರಡೂ ಪಕ್ಕ ಕಪ್ಪು ಪಟ್ಟಿ ಬರುತ್ತೆ. ಜೂಮ್ ಮಾಡಿದ್ರೆ ಏನು ತಪ್ಪು?

1950ರ ದಶಕದ ಆರಂಭದವರೆಗಿನ ಮಾತಿನ ಚಿತ್ರಗಳ ಚೌಕಟ್ಟಿನ ಅಗಲ-ಎತ್ತರ 1.37ಕ್ಕೆ 1, ಹೆಚ್ಚುಕಡಿಮೆ ಚೌಕ. ಅದನ್ನು ಅಗಲದ ಪರದೆ ತುಂಬುವಂತೆ ಜೂಮ್ ಮಾಡಿದರೆ ಮೇಲೆ-ಕೆಳಗೆ ಸೇರಿ ಸುಮಾರು ಕಾಲು ಭಾಗ ಚಿತ್ರ ಹೋಗುತ್ತದೆ. ಕೀಟನ್‌ನ ಹಾಸ್ಯ ಇರುವುದೇ ಕಾಲಿನಲ್ಲಿ. ಹಿಗ್ಗಿಸಿದರೆ ಎಲ್ಲರೂ ದಪ್ಪ, ಹಾರ್ಡಿ ಜೊತೆ ಲಾರೆಲ್ಲೂ ದಪ್ಪ. ಟಿವಿಯ ಪಿಕ್ಚರ್ ಸೈಜ್ ‘ಒರಿಜಿನಲ್’ ಅಥವಾ 4:3 ಇರಲಿ.

ಇದಕ್ಕಿಂತ ದೊಡ್ಡ ಶತ್ರು ಚಲನೆಯನ್ನು ನುಣುಪಾಗಿಸುವ ಸೌಲಭ್ಯ. ಎಲ್‌ಜಿಯಲ್ಲಿ ‘ಟ್ರೂಮೋಷನ್’, ಸೋನಿಯಲ್ಲಿ ‘ಮೋಷನ್‌ಫ್ಲೋ’, ಸ್ಯಾಮ್‌ಸಂಗ್‌ನಲ್ಲಿ ‘ಪಿಕ್ಚರ್ ಕ್ಲಾರಿಟಿ’ ಅಥವಾ ‘ಆಟೊ ಮೋಷನ್ ಪ್ಲಸ್’ ಎಂಬ ಹೆಸರಿನಲ್ಲಿರುತ್ತದೆ. ಟಿವಿ ತಾನೇ ಊಹಿಸಿದ ಚೌಕಟ್ಟುಗಳನ್ನು ನಡುವೆ ತುರುಕುವುದರಿಂದ ಬೀಳುವಿಕೆಯ ಹೊಡೆತ ಮೆತ್ತಗಾಗುತ್ತದೆ. ಪೂರ್ತಿ ಆರಿಸಿ, ಇಲ್ಲವೇ ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಅದನ್ನು ಹಾಕಿ.

ಬಣ್ಣ ತುಂಬಿದ ಪ್ರತಿ ಸಿಕ್ಕಿದೆ, ಮಕ್ಕಳಿಗೆ ಅದೇ ತೋರಿಸಲಾ?

ಬೇಡ. ಬೆಳಕು-ನೆರಳಿನಲ್ಲಿ ಕಣ್ಣು ಎಲ್ಲಿ ನಿಲ್ಲಬೇಕೆಂದು ಛಾಯಾಗ್ರಾಹಕ ತೀರ್ಮಾನಿಸಿದ್ದನ್ನು ಹಚ್ಚಿದ ಬಣ್ಣ ಕೆಡಿಸುತ್ತದೆ. ಬೇರೆ ಪ್ರತಿ ಇಲ್ಲವೆಂದರೆ ಟಿವಿಯ ‘ಕಲರ್’ ಸೊನ್ನೆಗೆ ಇಳಿಸಿ, ಬಹುಪಾಲು ಸರಿಹೋಗುತ್ತದೆ. ಆದರೆ ಮೂಕಿ ಚಿತ್ರದಲ್ಲಿ ರಾತ್ರಿಯ ದೃಶ್ಯ ಪೂರ್ತಿ ನೀಲಿ, ದೀಪದ ದೃಶ್ಯ ಪೂರ್ತಿ ಹಳದಿ ಕಂಡರೆ ಅದು ಆ ಕಾಲದಲ್ಲೇ ಫಿಲ್ಮನ್ನು ಬಣ್ಣದಲ್ಲಿ ಅದ್ದಿದ್ದಿರಬಹುದು. ಅದನ್ನು ಮುಟ್ಟಬೇಡಿ.

ಅಮೆರಿಕದಿಂದ ಡಿಸ್ಕ್ ತರಿಸಿದ್ರೆ ಇಲ್ಲಿ ಓಡುತ್ತಾ?

ಅಮೆರಿಕದ ಡಿವಿಡಿ ವಲಯ 1, ನಮ್ಮದು 5. ಬ್ಲೂ-ರೇಯಲ್ಲಿ ಅಲ್ಲಿನದು ಎ, ಬ್ರಿಟನ್ ಬಿ, ಭಾರತ ಸಿ. ವಲಯದ ಬೀಗವಿರುವ ಡಿಸ್ಕ್ ಇಲ್ಲಿನ ಪ್ಲೇಯರಿನಲ್ಲಿ ಓಡದು. 4ಕೆ ಡಿಸ್ಕಿಗೆ ವಲಯದ ಬೀಗವಿಲ್ಲ, ಆದರೆ ಅದೇ ಪೆಟ್ಟಿಗೆಯಲ್ಲಿರುವ ಬ್ಲೂ-ರೇಗೆ ಇರಬಹುದು. ವಿದೇಶದಲ್ಲಿರುವ ನೆಂಟರ ಕೈಲಿ ತರಿಸುವ ಮೊದಲು ಡಬ್ಬದ ಹಿಂಬದಿಯ ಅಕ್ಷರ ನೋಡಲು ಹೇಳಿ.

## ಆಳಕ್ಕೆ ಇಳಿದವರಿಗೆ

1934ಕ್ಕೆ ಮುಂಚಿನ ಚಿತ್ರಗಳು ಹೆಚ್ಚು ದಿಟ್ಟ ಅಂತಾರೆ. ಯಾಕೆ?

ಹಾಲಿವುಡ್ಡಿನ ನೀತಿಸಂಹಿತೆ 1930ರಲ್ಲೇ ಬಂದಿತ್ತು, ಬಿಗಿಯಾಗಿ ಜಾರಿಯಾದದ್ದು 1934ರ ಮಧ್ಯದಿಂದ. ನಡುವಿನ ನಾಲ್ಕು ವರ್ಷದ ಚಿತ್ರಗಳಲ್ಲಿ ಕಳ್ಳರು ಶಿಕ್ಷೆಯಿಲ್ಲದೆ ಪಾರಾಗುತ್ತಾರೆ, ಮದುವೆಯಾಗದವರು ಒಟ್ಟಿಗಿರುತ್ತಾರೆ. ಎರ್ನ್‌ಸ್ಟ್ ಲುಬಿಚ್‌ನ ‘ಟ್ರಬಲ್ ಇನ್ ಪ್ಯಾರಡೈಸ್’ (1932) ಇದಕ್ಕೆ ಮಾದರಿ. ಸಂಹಿತೆ ಬಿಗಿಯಾದಮೇಲೆ ಅದರ ಮರುಬಿಡುಗಡೆಗೆ ಅನುಮತಿ ಸಿಗದೆ ದಶಕಗಟ್ಟಲೆ ಕತ್ತಲಲ್ಲಿತ್ತು. ವೆನಿಸ್‌ನ ಪ್ರಣಯವೆಂದು ಶುರುವಾಗುವ ಚಿತ್ರದ ಮೊದಲ ದೃಶ್ಯವೇ ಕಸ: ಒಬ್ಬ ಮನೆಮನೆಯ ಕಸ ತಂದು ದೋಣಿಗೆ ಸುರಿದು, ಹಾಡುತ್ತ ಹುಟ್ಟು ಹಾಕುತ್ತಾನೆ.

ಸಂಹಿತೆ ಹಾಸ್ಯವನ್ನು ಕೊಂದಿತು ಎನ್ನುವುದು ಅರ್ಧ ಸತ್ಯ. ನೇರ ಹೇಳಲಾಗದ್ದನ್ನು ಬಾಗಿಲು, ಗಡಿಯಾರ, ಹೊದಿಕೆಗಳ ಮೂಲಕ ಹೇಳುವ ಕಲೆ ಅದರಿಂದಲೇ ಹರಿತವಾಯಿತು.

ಪ್ರೆಸ್ಟನ್ ಸ್ಟರ್ಜಸ್ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲ. ಅಷ್ಟು ದೊಡ್ಡವನಾ?

ಹೌದು. ಚಿತ್ರಕಥೆಗಾರನಾಗಿದ್ದವನು ತಾನೇ ನಿರ್ದೇಶಿಸಲು ಅವಕಾಶ ಕೊಟ್ಟರೆ ಸಾಕೆಂದು ‘ದಿ ಗ್ರೇಟ್ ಮೆಕ್‌ಗಿಂಟಿ’ಯ (1940) ಕಥೆಯನ್ನು 10 ಡಾಲರಿಗೆ ಮಾರಿದ, ಅದಕ್ಕೇ ಆಸ್ಕರ್ ಬಂತು. 1940ರಿಂದ 1944ರೊಳಗೆ ಅವನು ಬರೆದು ನಿರ್ದೇಶಿಸಿದ ಎಂಟು ಚಿತ್ರಗಳು ತೆರೆಕಂಡವು. ‘ದಿ ಲೇಡಿ ಈವ್’ ನೋಡಿ. ಹಡಗಿನ ಊಟದ ಕೋಣೆಯಲ್ಲಿ ಬಾರ್ಬರಾ ಸ್ಟ್ಯಾನ್‌ವಿಕ್ ಪುಟ್ಟ ಕನ್ನಡಿಯಲ್ಲಿ ಹಿಂದಿನವರನ್ನೆಲ್ಲ ನೋಡುತ್ತ, ಶ್ರೀಮಂತ ಪೆದ್ದನನ್ನು ಬಲೆಗೆ ಹಾಕಲು ಹವಣಿಸುವ ಒಬ್ಬೊಬ್ಬ ಹೆಣ್ಣಿನ ಆಟವನ್ನೂ ವೀಕ್ಷಕ ವಿವರಣೆಯಂತೆ ಹೇಳುತ್ತಾಳೆ. ಕೊನೆಗೆ ಅವನು ಹಾದುಹೋಗುವಾಗ ಸುಮ್ಮನೆ ಕಾಲು ಅಡ್ಡ ಚಾಚುತ್ತಾಳೆ. ‘ಸಲಿವನ್ಸ್ ಟ್ರಾವೆಲ್ಸ್’ (1941) ಆಮೇಲೆ.

ಬಣ್ಣ, ಜನಾಂಗದ ಬಗ್ಗೆ ಕೆಟ್ಟ ಜೋಕುಗಳು ಬಂದ್ರೆ ಏನು ಮಾಡೋದು?

ಬರುತ್ತವೆ, ಮೊದಲೇ ತಿಳಿದಿರುವುದು ಮೇಲು. ಕೀಟನ್‌ನ ‘ಸೆವೆನ್ ಚಾನ್ಸಸ್’ನಲ್ಲಿ (1925) ಬಿಳಿಯ ನಟ ಮುಖಕ್ಕೆ ಕಪ್ಪು ಬಳಿದುಕೊಂಡಿದ್ದಾನೆ. ಅದೇ ಚಿತ್ರದ ಬಂಡೆಗಳ ಮಳೆಯ ದೃಶ್ಯ ಕೀಟನ್‌ನ ಶ್ರೇಷ್ಠಗಳಲ್ಲೊಂದು. ‘ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್’ನ (1961) ಜಪಾನಿ ಪಾತ್ರ ಇಂದು ನೋಡಲಾಗದಷ್ಟು ಕೆಟ್ಟದು. ‘ದಿ ಪಾರ್ಟಿ’ (1968) ನಮಗೇ ತಾಗುವಂಥದ್ದು: ಪೀಟರ್ ಸೆಲರ್ಸ್ ಮೈಗೆ ಕಂದು ಬಳಿದು ಭಾರತೀಯ ನಟನಾಗಿದ್ದಾನೆ. ಅವನು ಪೆದ್ದನಾದರೂ ಆ ಪಾರ್ಟಿಯಲ್ಲಿ ಮಾನವಂತ ಅವನೊಬ್ಬನೇ, ಹಾಗಾಗಿ ಭಾರತೀಯರಲ್ಲೂ ಅಭಿಪ್ರಾಯ ಎರಡಾಗಿದೆ. ‘ದಿ ಜನರಲ್’ 1862ರಲ್ಲಿ ನಿಜವಾಗಿ ನಡೆದ ರೈಲು ಅಪಹರಣದ ಕಥೆ. ನಾಯಕ ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿ ಬಯಸಿದ ದಕ್ಷಿಣದ ರಾಜ್ಯಗಳ ಪಕ್ಷ, ಗುಲಾಮಗಿರಿಯ ಮಾತೇ ಬರುವುದಿಲ್ಲ. ಮಕ್ಕಳ ಜೊತೆ ನೋಡಿದರೆ ಇದನ್ನು ಮೊದಲೇ ಹೇಳಿ, ಓಡಿಸಿ ದಾಟಿಸಬೇಡಿ.

ಯಾವುದನ್ನ ಬಿಟ್ರೂ ನಷ್ಟ ಇಲ್ಲ?

‘ಎ ಡೇ ಅಟ್ ದಿ ರೇಸಸ್’ (1937) ನಂತರದ ಮಾರ್ಕ್ಸ್ ಸಹೋದರರನ್ನು ಬಿಡಬಹುದು. ಲಾರೆಲ್-ಹಾರ್ಡಿಯ 1940ರ ದಶಕದವನ್ನೂ. ‘ಇಟ್ಸ್ ಎ ಮ್ಯಾಡ್, ಮ್ಯಾಡ್, ಮ್ಯಾಡ್, ಮ್ಯಾಡ್ ವರ್ಲ್ಡ್’ (1963) ಗದ್ದಲದಲ್ಲಿ ದೊಡ್ಡದು, ನಗುವಿನಲ್ಲಿ ಅಷ್ಟಿಲ್ಲ. ಕೀಟನ್ 1928ರಲ್ಲಿ ಎಂಜಿಎಂ ಸ್ಟುಡಿಯೊ ಸೇರಿ ತನ್ನ ಚಿತ್ರಗಳ ಮೇಲಿನ ಹಿಡಿತ ಕಳೆದುಕೊಂಡ, ಅಲ್ಲಿ ಅವನು ಮಾಡಿದ ಮಾತಿನ ಚಿತ್ರಗಳು ಅಭಿಮಾನಿಗಳಿಗೂ ಕಷ್ಟ. ಅಲ್ಲಿನ ಮೊದಲನೆಯದು, ‘ದಿ ಕ್ಯಾಮೆರಾಮನ್’ (1928), ಮಾತ್ರ ಇನ್ನೂ ಮೂಕಿ, ಇನ್ನೂ ಅವನದೇ. ಖಾಲಿ ಬೇಸ್‌ಬಾಲ್ ಮೈದಾನದಲ್ಲಿ ಒಬ್ಬನೇ ನಿಂತು ಇಡೀ ಆಟವನ್ನು, ಚೆಂಡೂ ಇಲ್ಲದೆ, ಎಸೆತದಿಂದ ಓಟದವರೆಗೆ ಆಡಿ ಮುಗಿಸುವ ದೃಶ್ಯಕ್ಕಾದರೂ ಅದನ್ನು ನೋಡಿ.